ಬಂದವರ ಅಂಗಳ

ಮೋಟೆಬೆನ್ನೂರು ಕ್ರಾಸಿನಲ್ಲಿ ಬಸ್ಸಿಳಿದಾಗ ಬೆಳಗಿನ ಎಂಟೂವರೆ. ಹಾವೇರಿಗೂ ರಾಣೇಬೆನ್ನೂರಿಗೂ ನಡುವೆ ಈ ಊರನ್ನು ಲೆಕ್ಕವಿಲ್ಲದಷ್ಟು ಸಲ ದಾಟಿದ್ದೇನೆ, ಇಳಿದದ್ದು ಮಾತ್ರ ಬೆರಳೆಣಿಕೆ. ಹೆದ್ದಾರಿಯ ಲಾರಿಗಳ ನಡುವೆ ಒಂದು ಟ್ರ್ಯಾಕ್ಟರು ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಕಡೆಗೆ ತಿರುಗಿತು. ಘಾಟು ಮೂಗಿಗೆ ಬಡಿದು ಎರಡು ಸೀನು ಬಂತು. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ಹೆಜ್ಜೆ ಹಾಕಿದ ಮೈಲಾರ ಮಹಾದೇವಪ್ಪನವರು ಹುಟ್ಟಿದ್ದು ಇಲ್ಲಿಯೇ. ನಡೆದು ಹೆಸರಾದವರ ಊರಿನಿಂದ ನಡಿಗೆ ಶುರುಮಾಡುವುದು ಒಳ್ಳೆಯದೇ ಎಂದುಕೊಂಡು ಚೀಲ ಹೆಗಲಿಗೇರಿಸಿದೆ.

ನಾಲ್ಕು ಹೆಜ್ಜೆ ಇಡುವುದರೊಳಗೆ ಒಂದು ತಳ್ಳುಗಾಡಿ ನಿಲ್ಲಿಸಿತು. ಗಾಡಿ ಮುಚ್ಚಿತ್ತು, ಫಲಕ ಮಾತ್ರ ಕೆಂಪು ಅಕ್ಷರದಲ್ಲಿ ಕೂಗುತ್ತಿತ್ತು: ಗೋಬಿ ಮಂಚೂರಿ, ಎಗ್ ರೈಸ್, ಹಕ್ಕಾ ನೂಡಲ್ಸ್. ನಮ್ಮ ಕಡೆಯವರಿಗೆ ಈ ಹೆಸರು ಕೇಳಿದರೆ ಮೊದಲು ನೆನಪಾಗುವವರು ಹಕ್ಕ-ಬುಕ್ಕರು. ಇಂಥದೇ ಗಾಡಿಯ ಮುಂದೆ ನನ್ನ ಗೆಳೆಯನೊಬ್ಬ ‘ಹಕ್ಕಾ ಐತಿ, ಬುಕ್ಕಾ ಎಲ್ಲೈತ್ರಿ?’ ಎಂದು ಕೇಳಿ ನಗೆ ಎಬ್ಬಿಸಿದ್ದ. ನಾನೂ ನಕ್ಕಿದ್ದೆ. ಆ ಪದದ ಹಿಂದೆ ಒಂದು ಜನಾಂಗವಿದೆ, ಆ ಜನಾಂಗದ ಬಾಗಿಲು ತಟ್ಟಿದ ಸಂಸ್ಥೆಯೇ ನಮ್ಮ ಧಾರವಾಡ ಸೀಮೆಯ ಬಾಗಿಲನ್ನೂ ತಟ್ಟಿತ್ತು ಎಂಬುದು ಆಗ ತಿಳಿದಿರಲಿಲ್ಲ.

ನಾನು ಹೊರಟದ್ದು ಈ ಸೀಮೆಯ ಒಂದು ಹಳೆಯ ಮಿಷನ್ ಕಂಪೌಂಡಿಗೆ. ಅದರ ಹೆಸರು ಬರೆಯುವುದಿಲ್ಲ. ಅಲ್ಲಿನ ಹಿರಿಯರು ಮೊದಲೇ ಮಾತು ತೆಗೆದುಕೊಂಡರು: ‘ಫೋಟೊ ಬೇಕಾದ್ರ ತಕ್ಕೋರಿ, ಊರಿನ ಹೆಸರು ಮಾತ್ರ ಹಾಕಬ್ಯಾಡ್ರಿ. ಮಂದಿ ಬರಾಕ ಹತ್ತಿದ್ರ ನಮಗ ಸಂಭಾಳ್ಸಾಕ ಆಗೂದಿಲ್ಲ.’

ಡಾಂಬರು ಮುಗಿದು ಎರೆಮಣ್ಣಿನ ದಾರಿ ಶುರುವಾಗುವಲ್ಲಿ ಕಂಪೌಂಡಿನ ಗೋಡೆ ಕಾಣಿಸಿತು. ಎದೆಮಟ್ಟದ ಕಲ್ಲುಗೋಡೆ, ಅಲ್ಲಲ್ಲಿ ಕುಸಿದಿದೆ. ಕುಸಿದ ಕಡೆ ಜಾಲಿಮುಳ್ಳು ಒತ್ತಿದ್ದಾರೆ. ಗೇಟು ಹೊಸದು, ಗೇಟಿನ ಎರಡು ಕಂಬಗಳು ಹಳೆಯವು. ಒಳಗೆ ಕಾಲಿಟ್ಟೊಡನೆ ಬಿಸಿಲು ತಗ್ಗಿತು. ಎರಡು ಹುಣಸೆಮರ, ಒಂದು ಬೇವು, ಆಚೆ ಸಾಲಾಗಿ ನಾಲ್ಕು ತೇಗ. ತೇಗದ ಸಾಲು ಇಷ್ಟು ನೇರವಾಗಿರುವುದನ್ನು ನೋಡಿ ಯಾರೋ ಹಗ್ಗ ಹಿಡಿದು ನೆಟ್ಟಿರಬೇಕು ಎನ್ನಿಸಿತು. ಇದು ನನ್ನ ಊಹೆ ಅಷ್ಟೇ.

ಹಿರಿಯರು ಬಾಗಿಲ ಕಟ್ಟೆಯ ಮೇಲೆ ಕೂತು ಬೀಗದ ಕೈ ಗೊಂಚಲನ್ನು ಬೇರ್ಪಡಿಸುತ್ತಿದ್ದರು. ‘ಬರ್ರಿ. ನೋಡಾಕ ಏನೈತ್ರಿ, ಹಳೇ ಗ್ವಾಡಿ’ ಎಂದರು. ಕೇಳುವ ಮೊದಲೇ ತಂಬಿಗೆಯಲ್ಲಿ ನೀರು, ಅಂಗೈಯಲ್ಲಿ ಒಂದು ತುಂಡು ಬೆಲ್ಲ. ಇವರು ಕ್ರೈಸ್ತರು, ನಾನಲ್ಲ. ಬೆಲ್ಲ-ನೀರಿನ ಪದ್ಧತಿ ಮಾತ್ರ ಇಬ್ಬರದೂ.

ಮೊದಲು ದೇವಾಲಯದ ಹೊರಗೋಡೆ ಸುತ್ತಿದೆವು. ಇಲ್ಲಿನವರು ಚರ್ಚ್ ಎನ್ನುವುದಕ್ಕಿಂತ ಹೆಚ್ಚಾಗಿ ದೇವಾಲಯ ಎನ್ನುತ್ತಾರೆ, ಕೂಡುವ ಜನರಿಗೆ ಸಭೆ, ಪಾದ್ರಿಗಳಿಗೆ ಸಭಾಪಾಲಕರು. ಗೋಪುರವಿಲ್ಲ. ಉದ್ದನೆಯ ಚಾವಡಿಯಂಥ ಕಟ್ಟಡ, ಒಂದು ಮೊಳಕ್ಕಿಂತ ದಪ್ಪ ಗೋಡೆ, ಮೇಲ್ಭಾಗ ಕಮಾನಾಗಿರುವ ಆರು ಕಿಟಕಿ. ಗಂಟೆ ಮಾತ್ರ ಪ್ರತ್ಯೇಕ. ಎರಡು ಕಲ್ಲುಕಂಬಗಳ ನಡುವೆ ಅಡ್ಡಕಂಬಿಗೆ ತೂಗುಹಾಕಿದ್ದಾರೆ. ಅದರ ಅಂಚಿನಲ್ಲಿ ಉಬ್ಬಕ್ಷರಗಳಿವೆ, ಸುಣ್ಣ ಬಳಿದೂ ಬಳಿದೂ ಮುಚ್ಚಿಹೋಗಿವೆ. ಉಗುರಿನಿಂದ ಕೆರೆಯಲು ಕೈ ಹೋಯಿತು. ಹಿರಿಯರ ಮುಖ ನೋಡಿ ಕೈ ಹಿಂತೆಗೆದುಕೊಂಡೆ.

ಹಿಂಬದಿಯ ಗೋಡೆಗೆ ಒರಗಿಸಿ ಹಳೆಯ ಹಂಚುಗಳನ್ನು ಪೇರಿಸಿಟ್ಟಿದ್ದರು. ಒಂದನ್ನು ಮಗುಚಿದೆ. ಬೆನ್ನಿನ ಮೇಲೆ ಅಚ್ಚಾಗಿತ್ತು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, ಮಂಗಳೂರು. ನಮ್ಮ ಅಜ್ಜನ ಮನೆಯ ಮಾಡಿನ ಮೇಲೂ ಇಂಥವೇ ಇದ್ದವು. ಅದನ್ನು ನಾವು ‘ಮಂಗ್ಳೂರ ಹಂಚು’ ಎನ್ನುತ್ತಿದ್ದೆವೇ ಹೊರತು ಧರ್ಮದ ಮಾತು ಅದರಲ್ಲಿ ಕಂಡಿರಲಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆ ಇದು. ಅದರ ಹುಡುಗರಲ್ಲಿ ಬಹುಪಾಲು ದಕ್ಷಿಣ ಜರ್ಮನಿಯ ರೈತರ, ನೇಕಾರರ, ಕುಶಲಕರ್ಮಿಗಳ ಮನೆಯವರು. ಇಲ್ಲಿ ಮತಾಂತರವಾದವನಿಗೆ ಮನೆಯೂ ತಪ್ಪುತ್ತಿತ್ತು, ಕುಲಕಸುಬೂ ತಪ್ಪುತ್ತಿತ್ತು. ಉಣ್ಣಲಿಕ್ಕೆ ದಾರಿ ಹುಡುಕಲೇಬೇಕಾಗಿ ಮಿಷನ್ ಕೈಮಗ್ಗ ಹಾಕಿತು, ಅಚ್ಚುಕೂಟ ನಡೆಸಿತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚು ಸುಟ್ಟಿತು. ಉಪದೇಶ ಹೋಗದ ಮನೆಗಳಿಗೂ ಹಂಚು ಹೋಯಿತು.

ಚಪ್ಪಲಿ ಬಿಟ್ಟು ಒಳಗೆ ಹೋದೆವು. ಸಿನಿಮಾ ನೋಡಿ ಬೆಳೆದ ನನಗೆ ಚರ್ಚ್ ಎಂದರೆ ಮೇಣದಬತ್ತಿ, ಮರಿಯಮ್ಮನ ಮೂರ್ತಿ, ಬಣ್ಣದ ಗಾಜು. ಇಲ್ಲಿ ಅದೊಂದೂ ಇಲ್ಲ. ಬಿಳಿಸುಣ್ಣದ ಗೋಡೆ, ಒಂದು ಮರದ ಶಿಲುಬೆ, ಒಂದು ಪೀಠ, ಪೀಠದ ಮೇಲೆ ಬಟ್ಟೆ ಹೊದಿಸಿದ ಸತ್ಯವೇದ. ಪ್ರಾಟೆಸ್ಟಂಟರ ಈ ಬರಿಗೋಡೆ ನನಗೆ ನಮ್ಮ ಊರ ಮಠದ ಪಾಠಶಾಲೆಯ ಕೋಣೆಯನ್ನು ನೆನಪಿಸಿತು. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಮುಂದೆ ಜಮಖಾನೆ, ಹಿಂದೆ ನಾಲ್ಕು ಸಾಲು ಬೆಂಚು. ‘ಬೆಂಚು ಮೊಣಕಾಲು ನೋಯುವವರಿಗ್ರಿ’ ಎಂದು ಹಿರಿಯರು ನಕ್ಕರು.

ಬಲಗೋಡೆಯಲ್ಲಿ ಒಂದು ಕರಿಹಲಗೆ. ಅದರ ಮೇಲೆ ಮೂರು ಸಂಖ್ಯೆಗಳು ಮಾತ್ರ. ಭಾನುವಾರ ಹಾಡಬೇಕಾದ ಸಂಗೀತಗಳ ಸಂಖ್ಯೆ ಅವು. ಹಿರಿಯರ ಮೊಮ್ಮಗಳು, ಹತ್ತು ವರ್ಷದವಳಿರಬೇಕು, ಅಷ್ಟು ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತಿದ್ದಳು. ‘ಒಂದು ನುಡಿ ಹಾಡವ್ವಾ’ ಎಂದರು. ಅವಳು ನಾಚಿ, ಕೊನೆಗೆ ಹಾಡಿದಳು. ಮಾತು ಅಚ್ಚಕನ್ನಡ. ರಾಗ ಮಾತ್ರ ಮೆಟ್ಟಿಲು ಹತ್ತಿ ಇಳಿಯುವಂತೆ ಅಳತೆಯ ಹೆಜ್ಜೆಯದು, ನಮ್ಮ ಭಜನೆಯ ಹಾಗೆ ಸುತ್ತಿ ಸುಳಿಯುವುದಲ್ಲ. ಇದು ಜರ್ಮನಿಯಿಂದ ಬಂದ ರಾಗವೇ ಎಂದು ಖಚಿತವಾಗಿ ಹೇಳುವಷ್ಟು ಸಂಗೀತ ನನಗೆ ಬರುವುದಿಲ್ಲ. ಬಾಸೆಲ್ಲಿನವರು ತಮ್ಮ ನಾಡಿನ ರಾಗಗಳಿಗೆ ಕನ್ನಡದ ಮಾತು ಕೂಡಿಸಿದ್ದು ಮಾತ್ರ ನಿಜ. ಅವರಲ್ಲೇ ಒಬ್ಬ ಉಲ್ಟಾ ದಾರಿ ಹಿಡಿದ. ನಿಘಂಟಿನ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಬರೆದಾಗ ಕ್ರಿಸ್ತನ ಕಥೆಗೆ ನಮ್ಮ ಛಂದಸ್ಸನ್ನೇ ಹೊಲಿದ.

ಪೀಠದ ಪಕ್ಕದ ಮೂಲೆಯಲ್ಲಿ ಹಿಡಿಸೂಡಿ, ಒಂದು ತಕ್ಕಡಿ. ತಕ್ಕಡಿ ಯಾಕೆ ಎಂದು ಕೇಳಿದೆ. ಸುಗ್ಗಿ ಹಬ್ಬಕ್ಕಂತೆ. ಬೆಳೆದ ಜೋಳ, ಹತ್ತಿ, ಕುಂಬಳಕಾಯಿ, ಮೆಣಸಿನಕಾಯಿ, ಕೋಳಿ ಎಲ್ಲ ತಂದು ದೇವರಿಗೆ ಒಪ್ಪಿಸಿ, ಆಮೇಲೆ ಅಂಗಳದಲ್ಲೇ ಹರಾಜು ಹಾಕುತ್ತಾರೆ. ‘ಮೆಣಸಿನಕಾಯಿ ಸವಾಲು ಭಾಳ ಏರ್ತೈತ್ರಿ, ಬ್ಯಾಡಗಿ ಪ್ಯಾಟಿಗಿಂತ’ ಎಂದರು. ಮೆಣಸಿನಕಾಯಿಯೂ ನಮ್ಮ ನೆಲದ್ದಲ್ಲ, ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು ಎಂದು ಹೇಳಿದೆ. ಅವರು ನಂಬಲಿಲ್ಲ. ‘ಹಂಗಾದ್ರ ನಮ್ಮ ಮುತ್ತ್ಯಾ ಸಾರಿಗೆ ಏನ್ ಹಾಕತಿದ್ದಾ?’ ಕಾಳುಮೆಣಸು ಎಂದೆ. ಆ ಉತ್ತರವೂ ಅವರಿಗೆ ಸೇರಿದಂತೆ ಕಾಣಲಿಲ್ಲ.

ಪೀಠದ ಹಿಂದಿನ ಸಣ್ಣ ಬಾಗಿಲಿಗೆ ಬೀಗ. ಗೊಂಚಲಿನ ಆರನೆಯ ಕೀಲಿ ಹೊಂದಿತು. ಒಳಗೆ ಸಭಾಪಾಲಕರ ಕೋಣೆ. ಒಂದು ಕಪಾಟು, ಮುರಿದ ಹಾರ್ಮೋನಿಯಂ, ದಾಖಲೆ ಪುಸ್ತಕಗಳ ಗಂಟು. ಗೋಡೆಯ ಮೇಲೆ ಗಾಜು ಒಡೆದ ಚೌಕಟ್ಟಿನಲ್ಲಿ ಒಂದು ನಕಾಶೆ. ಈ ನಡಿಗೆಯಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಇಲ್ಲಿ.

ಕಾಗದ ಚಹಾದ ಬಣ್ಣಕ್ಕೆ ತಿರುಗಿದೆ. ಮುಳ್ಳುಮುಳ್ಳಾದ ಹಳೆಯ ಜರ್ಮನ್ ಅಕ್ಷರ. ಒಂದೇ ಹಾಳೆಯಲ್ಲಿ ನಾಲ್ಕು ನಕಾಶೆ. ಮೇಲೆ ಎಡಕ್ಕೆ ನಮ್ಮ ಪಡುವಣ ಕರಾವಳಿ. ಬೆರಳಿಟ್ಟು ಓದುತ್ತ ಹೋದೆ: ಮಂಗಳೂರು, ಉಡುಪಿ, ಹೊನ್ನಾವರ, ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡ, ಕೆಳಗೆ ಕಣ್ಣೂರು, ತಲಶ್ಶೇರಿ, ಕಲ್ಲಿಕೋಟೆ. ಕೆಳಭಾಗದಲ್ಲಿ ಆಫ್ರಿಕದ ಎರಡು ತುಂಡು, ಗೋಲ್ಡ್ ಕೋಸ್ಟ್ ಮತ್ತು ಕ್ಯಾಮರೂನ್. ಕ್ಯಾಮರೂನಿಗೆ ಬಾಸೆಲ್ಲಿನವರು ಕಾಲಿಟ್ಟದ್ದು 1886ರಲ್ಲಿ. ಆದ್ದರಿಂದ ಹಾಳೆ ಅಲ್ಲಿಂದೀಚಿನದು. ನಾಲ್ಕನೆಯದು ಚೀನಾ. ಹಾಂಗ್‌ಕಾಂಗ್, ಅದರ ಮೇಲೆ ಲಿಲಾಂಗ್. ಗುಡ್ಡಗಳ ನೆರಳಿನ ಮೇಲೆ ಅಗಲವಾಗಿ ಐದಕ್ಷರ ಹರಡಿತ್ತು. ಒಂದೊಂದಾಗಿ ಕೂಡಿಸಿದೆ. ಹಕ್ಕಾ.

ಹೆದ್ದಾರಿಯ ತಳ್ಳುಗಾಡಿ ಕಣ್ಣ ಮುಂದೆ ಬಂತು.

ಹಿರಿಯರಿಗೆ ಆ ಪದ ತೋರಿಸಿದೆ. ಹಕ್ಕಾ ಎಂದರೆ ಚೀನೀ ಭಾಷೆಯಲ್ಲಿ ‘ಅತಿಥಿ ಮನೆತನದವರು’. ಶತಮಾನಗಳ ಹಿಂದೆ ಉತ್ತರದಿಂದ ಗುಳೆ ಬಂದವರು. ದಕ್ಷಿಣದ ಗುವಾಂಗ್‌ಡಾಂಗ್ ತಲುಪುವ ಹೊತ್ತಿಗೆ ಒಳ್ಳೆಯ ಗದ್ದೆಗಳೆಲ್ಲ ಮೊದಲೇ ನೆಲೆಸಿದವರ ಪಾಲಾಗಿದ್ದವು. ಉಳಿದದ್ದು ಗುಡ್ಡದ ಬದಿ. ಅವರ ಹೆಂಗಸರು ಪಾದ ಕಟ್ಟಿಸಿಕೊಳ್ಳುತ್ತಿರಲಿಲ್ಲ, ಹೊಲದಲ್ಲಿ ಗಂಡಸರ ಸಮ ದುಡಿಯುತ್ತಿದ್ದರು. ಅದಕ್ಕೂ ನೆರೆಯವರ ತಾತ್ಸಾರವಿತ್ತು. ಎಷ್ಟು ತಲೆಮಾರು ಕಳೆದರೂ ‘ಅತಿಥಿ’ ಎಂಬ ಹೆಸರು ಹೋಗಲಿಲ್ಲ. 1855ರಿಂದ 1867ರವರೆಗೆ ಹಳಬರಿಗೂ ಇವರಿಗೂ ಘೋರ ಕಾದಾಟವೇ ನಡೆಯಿತು.

ಹಿರಿಯರು ತಲೆಯಾಡಿಸಿ ಕೇಳಿಸಿಕೊಂಡು, ‘ಅಂದ್ರ ಬೀಗರು ಅನ್ರಿ’ ಎಂದರು.

ನಮ್ಮ ಕಡೆ ಮನೆಗೆ ಯಾರು ಬಂದರೂ ಬೀಗರೇ. ಇದಕ್ಕಿಂತ ಒಳ್ಳೆಯ ಅನುವಾದ ನನಗೆ ಹೊಳೆದಿರಲಿಲ್ಲ.

ಬೀಗರ ನಾಡಿಗೆ ಬಾಸೆಲ್ಲಿನ ಇಬ್ಬರು ತಲುಪಿದ್ದು 1847ರ ಮಾರ್ಚಿನಲ್ಲಿ. ಸ್ವೀಡನ್ನಿನ ಥಿಯೋಡರ್ ಹ್ಯಾಂಬರ್ಗ್ ಮತ್ತು ಜರ್ಮನಿಯ ವ್ಯುರ್ಟೆಂಬರ್ಗಿನ ರುಡಾಲ್ಫ್ ಲೆಖ್ಲರ್. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಆಗ ಹದಿಮೂರು ವರ್ಷವಾಗಿತ್ತು, ಧಾರವಾಡದಲ್ಲಿ ಠಾಣೆ ತೆರೆದು ಹತ್ತು ವರ್ಷ. ಹಾಂಗ್‌ಕಾಂಗಿಗೆ ಅವರನ್ನು ಕರೆಸಿಕೊಂಡವನು ಕಾರ್ಲ್ ಗುಟ್ಸ್‌ಲಾಫ್ ಎಂಬ ಹುರುಪಿನ ಮನುಷ್ಯ. ಚೀನೀಯರಿಂದಲೇ ಚೀನಾಕ್ಕೆ ಸುವಾರ್ತೆ ಮುಟ್ಟಿಸುತ್ತೇನೆ ಎಂದು ಒಂದು ಸಂಘ ಕಟ್ಟಿ, ಒಳನಾಡಿಗೆ ಹೋಗುವ ಪ್ರಚಾರಕರಿಗೆ ಪುಸ್ತಕ ಕೊಟ್ಟು, ದಾರಿಖರ್ಚು ಕೊಟ್ಟು ಕಳಿಸುತ್ತಿದ್ದ. ಅವನು ಯುರೋಪಿಗೆ ಹೋಗಿದ್ದಾಗ ಹ್ಯಾಂಬರ್ಗ್ ಲೆಕ್ಕ ತೆಗೆದು ನೋಡಿದ. ಒಳನಾಡಿಗೆ ಹೋದೆವೆಂದ ಅನೇಕರು ಹಾಂಗ್‌ಕಾಂಗಿನ ಆಸುಪಾಸು ಬಿಟ್ಟು ಕದಲಿರಲಿಲ್ಲ. ಹಂಚಬೇಕಾದ ಪುಸ್ತಕವನ್ನು ಅಚ್ಚುಕೂಟದವನಿಗೇ ವಾಪಸು ಮಾರುತ್ತಿದ್ದರು, ಅವನು ಅದನ್ನೇ ಮತ್ತೆ ಗುಟ್ಸ್‌ಲಾಫನಿಗೆ ಮಾರುತ್ತಿದ್ದ. ಇದನ್ನು ಹೇಳಿದಾಗ ಹಿರಿಯರು ಹೊಟ್ಟೆ ಹಿಡಿದು ನಕ್ಕರು. ‘ಬಿಲ್ ಹಚ್ಚೋ ಮಂದಿ ಎಲ್ಲಾ ಕಡೆ ಇರ್ತಾರ ಬಿಡ್ರಿ.’

ಆ ಪೆಟ್ಟು ತಿಂದಮೇಲೆ ಹ್ಯಾಂಬರ್ಗ್ ಹಕ್ಕಾ ಹಳ್ಳಿಗಳಲ್ಲಿ ತಾನೇ ಹೋಗಿ ನೆಲೆಸುವ ದಾರಿ ಹಿಡಿದ. ಬೇರೆ ನುಡಿಯವರ ನಡುವೆ ಕೆಲಸಕ್ಕಿಳಿದಿದ್ದ ಲೆಖ್ಲರನಿಗೆ ಅಲ್ಲಿ ನಿಲ್ಲಲಾಗದೆ ಅವನೂ ಹಕ್ಕಾಗಳ ಕಡೆಗೇ ಬಂದ. ಜನರ ಮನೆಮಾತಿನಲ್ಲೇ ಬೋಧಿಸಬೇಕೆಂಬ ಬಾಸೆಲ್ಲಿನ ಹಟ ಚೀನಾದಲ್ಲೂ ಒಂದೇ, ಧಾರವಾಡದಲ್ಲೂ ಒಂದೇ. ಎದುರಾದ ಕಷ್ಟ ಮಾತ್ರ ಬೇರೆ. ಇಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಲಿಪಿ, ವ್ಯಾಕರಣ, ಕಾವ್ಯ ಎಲ್ಲ ಕಾದು ಕೂತಿದ್ದವು. ಅಲ್ಲಿ ಹಕ್ಕಾ ಆಡುಮಾತು, ಬರಹಕ್ಕೆ ಪಂಡಿತರ ಚೀನೀ ಚಿತ್ರಾಕ್ಷರ. ಲೆಖ್ಲರ್ ಹಕ್ಕಾ ಉಚ್ಚಾರವನ್ನು ರೋಮನ್ ಅಕ್ಷರಕ್ಕಿಳಿಸಿದ. ಮತ್ತಾಯನ ಸುವಾರ್ತೆ 1860ರಲ್ಲಿ ಬರ್ಲಿನ್ನಿನಲ್ಲಿ ಹಾಗೆ ಅಚ್ಚಾಯಿತು. ಅವರಿಬ್ಬರು ಕೂಡಿಡತೊಡಗಿದ ಪದಗಳ ರಾಶಿಯೇ ತಳಪಾಯವಾಗಿ 1905ರಲ್ಲಿ ಹಕ್ಕಾ ನಿಘಂಟು ಹೊರಬಂತು. ಕಿಟೆಲ್ಲರ ಕನ್ನಡ ನಿಘಂಟು 1894ರದು. ಒಂದೇ ಮನೆಯ ಎರಡು ಕಣಜ, ಹನ್ನೊಂದು ವರ್ಷದ ಅಂತರ.

ನಕಾಶೆಯ ಕೆಳಗೆ ಪೆನ್ಸಿಲಿನಲ್ಲಿ ಯಾರೋ ಕನ್ನಡದಲ್ಲಿ ಏನೋ ಕೂಡಿ ಕಳೆದಿದ್ದರು. ರೂಪಾಯಿ-ಆಣೆಯ ಲೆಕ್ಕದಂತೆ ಕಂಡಿತು, ಯಾವುದರ ಲೆಕ್ಕವೋ ಗೊತ್ತಾಗಲಿಲ್ಲ.

ಅಲ್ಲಿಂದ ಬಂಗಲೆಗೆ. ದೇವಾಲಯಕ್ಕೂ ಇದಕ್ಕೂ ನೂರು ಹೆಜ್ಜೆ. ಎಣಿಸಿದೆ, ನೂರಾ ನಾಲ್ಕು. ಮೂರು ಕಡೆ ಪಡಸಾಲೆ, ಎತ್ತರದ ಜಗಲಿ. ಬಾಗಿಲಿಗೆ ಬೀಗ. ಗೊಂಚಲಿನ ಯಾವ ಕೀಲಿಯೂ ಹೊಂದಲಿಲ್ಲ. ಕಿಟಕಿಯ ಸರಳಿನಿಂದ ಇಣುಕಿದೆ. ದೊಡ್ಡ ಕೋಣೆ, ಮೂಲೆಯಲ್ಲಿ ಇಟ್ಟಿಗೆಯ ಒಂದು ಗೂಡು. ಒಲೆಯೋ ಪುಸ್ತಕದ ಕಪಾಟೋ ಹೇಳಲಾರೆ. ಬಾವಲಿಯ ವಾಸನೆ.

ಜಗಲಿಯ ಮೇಲೆ ಕೂತೆವು. ಇಂಥ ಬಂಗಲೆಗಳಲ್ಲಿದ್ದವರಿಗೆ ಬಾಸೆಲ್ಲಿನ ಸಮಿತಿ ಹಾಕಿದ ನಿಯಮಗಳು ಬಿಗಿಯಾಗಿದ್ದವು. ಬಂದು ಎರಡು ವರ್ಷ ಆಗುವವರೆಗೆ ಮದುವೆಯ ಮಾತಿಲ್ಲ, ಆಮೇಲೂ ಸಮಿತಿ ಒಪ್ಪಬೇಕು. ಮುಖ ನೋಡದ ಗಂಡನಿಗಾಗಿ ಹಡಗು ಹತ್ತಿದ ಹೆಣ್ಣುಮಕ್ಕಳು ಎಷ್ಟೋ. ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಬಾಸೆಲ್ಲಿನ ಮಕ್ಕಳ ಮನೆಗೆ ಕಳಿಸಬೇಕು. ಆಮೇಲೆ ತಾಯಿ-ಮಕ್ಕಳ ಭೇಟಿ ವರ್ಷಗಟ್ಟಲೆ ಇಲ್ಲ. ಇವರು ಒಳ್ಳೆಯವರೋ ಕೆಟ್ಟವರೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವವರನ್ನು ಕಂಡರೆ ನನಗೆ ಗೊಂದಲವಾಗುತ್ತದೆ. ನಮ್ಮ ದೇವರುಗಳನ್ನು ಸಂತೆಯಲ್ಲಿ ನಿಂತು ಜರೆದವರೂ ಇವರೇ. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿ, ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಅಚ್ಚುಹಾಕಿಸಿದ ಮೋಗ್ಲಿಂಗ್ ಕೂಡ ಇವರವನೇ.

ಈ ಸೀಮೆಯಲ್ಲಿ ಒಮ್ಮೆ ಅವರಿಗೆ ದೊಡ್ಡ ಆಸೆ ಹುಟ್ಟಿತ್ತು. 1840ರ ಆಸುಪಾಸು ಹುಬ್ಬಳ್ಳಿ ಕಡೆಯ ಒಂದು ಪಂಗಡದವರು ಮಿಷನರಿಗಳನ್ನು ಹುಡುಕಿಕೊಂಡು ಬಂದರು. ಕಾಲಜ್ಞಾನದ ವಚನಗಳನ್ನು ನಂಬಿದವರು. ಮುಂದೆ ಬರಲಿರುವವರ ಬಗ್ಗೆ ತಮ್ಮ ಗ್ರಂಥ ಹೇಳುವುದು ಈ ಪರದೇಶಿಗಳಿಗೇ ಹೊಂದುತ್ತದೆ ಎಂದರು. ಮಿಷನರಿಗಳು ಹಿಗ್ಗಿ, ಗದಗ ಹತ್ತಿರದ ಮಲ್ಲಸಮುದ್ರದಲ್ಲಿ ಜಮೀನು ಹಿಡಿದು, ಮತಕ್ಕೆ ಬಂದವರ ಒಂದು ಊರನ್ನೇ ಕಟ್ಟುವ ಯೋಜನೆ ಹಾಕಿದರು. ಕರೆದವರು ಸದ್ದಿಲ್ಲದೆ ಹಿಂದೆ ಸರಿದರು. ಯೋಜನೆ ನೆಲಕಚ್ಚಿತು.

ಚೀನಾದಲ್ಲಿ ಇಂಥದೇ ಕಥೆ ಬೇರೆ ದಿಕ್ಕಿಗೆ ಉರುಳಿತು. ಹೊಂಗ್ ಶ್ಯೂಚ್ವಾನ್ ಎಂಬ ಹಕ್ಕಾ ಶಾಲಾ ಮೇಷ್ಟರು ಸರಕಾರಿ ಪರೀಕ್ಷೆಯಲ್ಲಿ ಮತ್ತೆ ಮತ್ತೆ ನಪಾಸಾಗಿ, ಜ್ವರದಲ್ಲಿ ಕನಸು ಕಂಡ. ಕೆಲವು ವರ್ಷಗಳ ಮೇಲೆ ಒಂದು ಕ್ರೈಸ್ತ ಪುಸ್ತಿಕೆ ಓದಿದಾಗ ಕನಸಿನ ಅರ್ಥ ಹೊಳೆಯಿತು: ತಾನು ಯೇಸುವಿನ ತಮ್ಮ! ಅವನ ಹಿಂದೆ ಸೇರಿದವರಲ್ಲಿ ಮೊದಲಿಗರು ಹಕ್ಕಾಗಳೇ. 1850ರಿಂದ 1864ರವರೆಗೆ ನಡೆದ ಆ ತೈಪಿಂಗ್ ದಂಗೆಯಲ್ಲಿ ಸತ್ತವರು ಎರಡು ಕೋಟಿ ಎಂಬುದು ಸಾಮಾನ್ಯ ಅಂದಾಜು. ಹೊಂಗನ ಸಂಬಂಧಿಯೊಬ್ಬ ತಲೆತಪ್ಪಿಸಿಕೊಂಡು ಹ್ಯಾಂಬರ್ಗನ ಬಳಿ ಬಂದ. ಅವನ ಬಾಯಿಂದ ಕೇಳಿ ಹ್ಯಾಂಬರ್ಗ್ 1854ರಲ್ಲಿ ಹೊರತಂದ ಪುಸ್ತಕವೇ ಹೊರಜಗತ್ತಿಗೆ ಆ ದಂಗೆಯ ಮೂಲ ತಿಳಿಸಿದ ಮೊದಲ ಬರಹಗಳಲ್ಲೊಂದು. ಬಿತ್ತಿದ ಬೀಜ ಮಲ್ಲಸಮುದ್ರದಲ್ಲಿ ಮೊಳೆಯಲಿಲ್ಲ. ಅಲ್ಲಿ ಬಿತ್ತಿದವರಿಗೇ ಗುರುತು ಸಿಗದ ಪೈರಾಗಿ ಎದ್ದು ಹೊಲವನ್ನೇ ನುಂಗಿತು.

ಬಂಗಲೆಯ ಹಿಂದೆ ಬಾವಿ. ಕಲ್ಲಿನ ಮೆಟ್ಟಿಲು, ಅರ್ಧ ತುಂಬಿದ ಹೂಳು. ಬಾವಿಯ ಆಚೆ ಮಾಡಿಲ್ಲದ ಉದ್ದ ಕಟ್ಟಡ. ಗೋಡೆಗೆ ಸಾಲಾಗಿ ಗೂಟ ಹೊಡೆದ ಗುರುತು, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ. ಮಕ್ಕಳ ಅಂಗಿ ತೂಗುಹಾಕುವ ಎತ್ತರ ಎನ್ನಿಸಿತು. ‘ಬೋರ್ಡಿಂಗ್ ಇತ್ತಂತ್ರಿ. ನಮ್ಮಜ್ಜನ ಅಪ್ಪ ಇಲ್ಲೇ ಬೆಳೆದಾನಂತ. ಬರ ಬಿದ್ದಾಗ ಯಾರೋ ಗೇಟಿನಾಗ ಬಿಟ್ಟು ಹೋಗಿದ್ರಂತ’ ಎಂದರು ಹಿರಿಯರು. 1876ರಿಂದ 78ರ ಬರವೇ ಅದು ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ. ಆ ಬರದಲ್ಲಿ ಧಾರವಾಡ ಸೀಮೆ ತತ್ತರಿಸಿದ್ದು, ಮಿಷನ್ ಮನೆಗಳು ಅನಾಥ ಮಕ್ಕಳಿಂದ ತುಂಬಿದ್ದು ನಿಜ. ಸಂತೆಯ ಉಪದೇಶಕ್ಕೆ ಬಾರದವರು ಗಂಜಿಗೆ ಬಂದರು ಎಂದು ಟೀಕಿಸುವವರಿದ್ದಾರೆ. ಗೂಟದ ಗುರುತಿನ ಎತ್ತರಕ್ಕೆ ಬಗ್ಗಿ ನೋಡಿದಾಗ ಆ ವಾದ ನನ್ನ ಬಾಯಿಗೆ ಬರಲಿಲ್ಲ.

ಕೊನೆಗೆ ಸಮಾಧಿಗಳು. ಕಂಪೌಂಡಿನ ಪಡುವಣ ಮೂಲೆ, ಮೊಣಕಾಲೆತ್ತರ ಹುಲ್ಲು. ಹಾವಿರಬಹುದೆಂದು ಹಿರಿಯರು ಕೋಲಿನಿಂದ ನೆಲ ಬಡಿಯುತ್ತ ಮುಂದೆ ನಡೆದರು. ಹಳೆಯ ಕಲ್ಲುಗಳು ಏಳು. ಮೂರರ ಮೇಲೆ ಜರ್ಮನ್ ಬರಹ, ಎರಡನ್ನು ಮಳೆ ನೆಕ್ಕಿದೆ, ಎರಡು ಬೋರಲು ಬಿದ್ದಿವೆ. ಓದಲಾದದ್ದು ಒಂದೇ ಕಲ್ಲು. ಹೆಸರು ಅರ್ಧ ಒಡೆದಿದೆ, ವಯಸ್ಸು ಉಳಿದಿದೆ: ಹನ್ನೊಂದು ತಿಂಗಳು. ಅಲ್ಲಿ ಹಾಂಗ್‌ಕಾಂಗಿನಲ್ಲಿ ಹ್ಯಾಂಬರ್ಗ್ ಕೂಡ ಪುಸ್ತಕ ಬಂದ ವರ್ಷವೇ ತೀರಿಕೊಂಡ. ಮೂವತ್ತೈದು ದಾಟಿರಲಿಲ್ಲ, ಆಮಶಂಕೆ. ಲೆಖ್ಲರ್ ಮಾತ್ರ ಐವತ್ತೆರಡು ವರ್ಷ ನಿಂತು 1899ರಲ್ಲಿ ಊರಿಗೆ ಮರಳಿದ. ಕಾದಾಟ, ಬಡತನಕ್ಕೆ ಸಿಕ್ಕಿದ ಹಕ್ಕಾ ಕ್ರೈಸ್ತರನ್ನು 1880ರ ದಶಕದಲ್ಲಿ ಉತ್ತರ ಬೋರ್ನಿಯೋಗೆ ಕಳಿಸಲು ನೆರವಾದವನೂ ಅವನೇ. ಇಂದಿನ ಮಲೇಷ್ಯಾದ ಸಾಬಾದಲ್ಲಿ ಅವರ ಸಭೆಗಳು ಇವತ್ತಿಗೂ ಬಾಸೆಲ್ ಎಂಬ ಹೆಸರು ಇಟ್ಟುಕೊಂಡಿವೆ. ಅತಿಥಿಗಳು ಮತ್ತೊಂದು ಊರಿಗೆ ಅತಿಥಿಗಳಾಗಿ ಹೋದರು.

ಈ ಏಳು ಕಲ್ಲುಗಳ ಆಚೆಗೆ ಜರ್ಮನ್ ಬರಹವಿಲ್ಲ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಎಂಬತ್ತು ವರ್ಷದ ಬೀಗರು ರಾತ್ರಿ ಕಳೆಯುವುದರೊಳಗೆ ಶತ್ರುಗಳಾದರು. ಬ್ರಿಟಿಷ್ ಸರಕಾರ ಜರ್ಮನ್ ಮಿಷನರಿಗಳನ್ನು ಅಹ್ಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿ, ಆಮೇಲೆ ಹಡಗು ಹತ್ತಿಸಿ ಕಳಿಸಿತು. ಶಾಲೆ, ಸಭೆ, ಬೋರ್ಡಿಂಗು ಬೇರೆಯವರ ಕೈಗೆ ಹೋದವು. ಕಾರ್ಖಾನೆಗಳಿಗೂ ಧಣಿಗಳು ಬದಲಾದರು.

ಏಳು ಕಲ್ಲುಗಳ ಆಚೆ ಹೊಸ ಸಮಾಧಿಗಳ ಸಾಲು. ಸಿಮೆಂಟು, ಗ್ರಾನೈಟು, ಕನ್ನಡ ಬರಹ. ಕೆಲವು ಹೆಸರುಗಳಲ್ಲಿ ಮೊದಲ ಅರ್ಧ ಸತ್ಯವೇದದ್ದು, ಉಳಿದ ಅರ್ಧ ಅಪ್ಪಟ ಧಾರವಾಡ ಸೀಮೆಯ ಅಡ್ಡಹೆಸರು. ಒಂದು ಸಮಾಧಿಯ ಮೇಲೆ ಊದುಬತ್ತಿಯ ಬೂದಿ, ಬಾಡಿದ ಸೇವಂತಿಗೆ. ‘ನಮ್ಮಾಕಿ’ ಎಂದಷ್ಟೇ ಹೇಳಿ ಹಿರಿಯರು ಬಗ್ಗಿ ಹುಲ್ಲು ಕಿತ್ತರು. ನಾನು ಸ್ವಲ್ಪ ದೂರ ಸರಿದು ನಿಂತೆ. ಕಿತ್ತ ಹುಲ್ಲನ್ನು ಗೋಡೆಯಾಚೆ ಒಗೆದು, ಅವರು ಪಕ್ಕದ ಆ ಹನ್ನೊಂದು ತಿಂಗಳ ಕಲ್ಲಿನ ಬುಡವನ್ನೂ ಅದೇ ಕೈಯಿಂದ ಸವರಿ ಹಸನು ಮಾಡಿದರು. ಯಾರ ಮಗು ಎಂದು ಅವರಿಗೂ ಗೊತ್ತಿಲ್ಲ. ವಾರಕ್ಕೊಮ್ಮೆ ಹಾಗೆ ಮಾಡುತ್ತಾರಂತೆ.

ಗೇಟಿನವರೆಗೆ ಬಂದು ಬೀಳ್ಕೊಟ್ಟರು. ‘ಸುಗ್ಗಿ ಹಬ್ಬಕ್ಕ ಬರ್ರಿ. ಸವಾಲಿನಾಗ ನಿಮ್ಮ ಹೆಸರಲೇನೂ ಒಂದ್ ಚೀಲ ಹಿಡಿಯೋಣು.’

ಹೆದ್ದಾರಿಗೆ ಮರಳುವಷ್ಟರಲ್ಲಿ ಮಧ್ಯಾಹ್ನ ಒಂದೂವರೆ. ತಳ್ಳುಗಾಡಿ ತೆರೆದಿತ್ತು. ಒಬ್ಬ ಹುಡುಗ ಎಲೆಕೋಸು ಹೆಚ್ಚುತ್ತಿದ್ದ. ಹಕ್ಕಾ ಎಂದರೆ ಏನಪ್ಪಾ ಎಂದು ಕೇಳಿದೆ. ‘ಏನೋ ಗೊತ್ತಿಲ್ರಿ. ಪ್ಯಾಕೆಟ್ ಮ್ಯಾಲ ಹಂಗ ಬರ್ದಿರತೈತಿ’ ಎಂದ. ಪ್ರಾಮಾಣಿಕ ಉತ್ತರ. ಕೋಲ್ಕತ್ತದ ಟಾಂಗ್ರಾದಲ್ಲಿ ಹಕ್ಕಾ ಚೀನೀಯರು ಚರ್ಮ ಹದಮಾಡುವ ಕಸುಬು ಹಿಡಿದು ತಲೆಮಾರುಗಳ ಕಾಲ ಬಾಳಿದರು. ಅವರ ಹೆಸರು ಹೊತ್ತ ಈ ತಿನಿಸು ಹಿಂದುಸ್ತಾನದ ಬೀದಿಬೀದಿಗೆ ಹಬ್ಬಿತು. 1962ರ ಯುದ್ಧದಲ್ಲಿ ಇಲ್ಲಿನ ಚೀನೀ ಮೂಲದ ಸುಮಾರು 3,000 ಜನರನ್ನು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಲಾಯಿತು. ಅಹ್ಮದ್‌ನಗರದ ಬೇಲಿಯೊಳಗೆ ಹಕ್ಕಾಗಳ ಬಳಿಗೆ ಜನ ಕಳಿಸಿದ ಸಂಸ್ಥೆಯವರು, ದೇವಳಿಯ ಬೇಲಿಯೊಳಗೆ ಹಕ್ಕಾಗಳು. ಕೂಡಿಹಾಕಿದವರು ಬೇರೆ ಸರಕಾರ, ಕಾರಣ ಮಾತ್ರ ಒಂದೇ: ನೀವು ನಮ್ಮವರಲ್ಲ.

ಇದನ್ನೆಲ್ಲ ಹುಡುಗನಿಗೆ ಹೇಳಲಿಲ್ಲ. ಹೊಟ್ಟೆ ಹಸಿದಿತ್ತು. ಒಂದು ಪ್ಲೇಟು ಹೇಳಿದೆ. ಬಾಣಲೆ ಕಾಯಿತು, ಎಣ್ಣೆ ಚಿಟಿಗುಟ್ಟಿತು, ನೂಡಲ್ಸ್ ನೋಡುನೋಡುತ್ತ ಕೆಂಪಾಯಿತು. ಈ ಬಣ್ಣಕ್ಕೆ ಏನು ಹಾಕುತ್ತೀ ಎಂದೆ.

ಹುಡುಗ ಸೌಟು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ‘ಯಾವ ಊರ್ರಿ ನಿಮ್ಮದು? ಬ್ಯಾಡಗಿ ಬಾಜೂಕ ನಿಂತು ಹಿಂಗ ಕೇಳ್ತೀರಲ್ಲ!’